ಸ್ತ್ರೀರೋಗದ ಕಿರು ಶಸ್ತ್ರಕ್ರಿಯೆಗಳಲ್ಲಿ ಅರಿವಳಿಕೆಯ ಆಯ್ಕೆ

ಹೊಟ್ಟೆಯನ್ನು ಕೊಯ್ಯದೆ, ಕೆಲವೇ ನಿಮಿಷಗಳಲ್ಲಿ ಮುಗಿದು, ರೋಗಿಯು ಪ್ರಾಯಶಃ ಅದೇ ದಿನ ಮನೆಗೆ ಹಿಂದಿರುಗಬಹುದಾದ ಸ್ತ್ರೀರೋಗ ಸಂಬಂಧವಾದ ಕ್ರಿಯೆಗಳಲ್ಲಿ, ನೋವನ್ನೂ ಭಯವನ್ನೂ ಶಮನಗೊಳಿಸುವುದಕ್ಕೆ ಯಾವ ಕ್ರಮವನ್ನು ಅನುಸರಿಸಬೇಕೆಂಬ ವಿವೇಚನೆಯೇ ಈ ಲೇಖನದ ವಿಷಯ. ಗರ್ಭಕಂಠವನ್ನು ಹಿಗ್ಗಿಸಿ ಗರ್ಭಾಶಯದ ಒಳಪೊರೆಯನ್ನು ಕೆರೆದು ತೆಗೆಯುವುದು, ಪರೀಕ್ಷೆಗಾಗಿ ಅದರ ತುಣುಕನ್ನು ಪಡೆಯುವುದು, ಅಪೂರ್ಣ ಗರ್ಭಸ್ರಾವದ ಅವಶೇಷವನ್ನು ಹೀರಿ ತೆಗೆಯುವುದು, ದುರ್ಬೀನಿನಿಂದ ಗರ್ಭಾಶಯದ ಒಳಗನ್ನು ನೋಡುವುದು, ಗರ್ಭಕಂಠದ ವಿಕೃತ ಭಾಗವನ್ನು ವಿದ್ಯುತ್ ತಂತಿಯಿಂದ ಕತ್ತರಿಸುವುದು, ಯೋನಿದ್ವಾರದ ಬಾರ್ಥೊಲಿನ್ ಗ್ರಂಥಿಯ ಕೀವುಗಡ್ಡೆಯನ್ನು ಸೀಳಿ ಬಸಿಯುವುದು, ಇವು ಈ ವರ್ಗಕ್ಕೆ ಸೇರಿದವು. ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳಲ್ಲಿ ಇವುಗಳಲ್ಲಿ ಮೊದಲನೆಯದನ್ನು ಜನರು ‘ಕ್ಯುರೆಟಿಂಗ್’ ಎಂದೋ ‘ಚೀಲ ತೊಳೆಯೋದು’ ಎಂದೋ ಕರೆಯುತ್ತಾರೆ.

ಶಸ್ತ್ರಕ್ರಿಯೆಯು ಕಿರಿದಾದ ಮಾತ್ರಕ್ಕೆ ಅರಿವಳಿಕೆಯ ಅಪಾಯವೂ ಕಿರಿದಾಗುವುದಿಲ್ಲವೆಂಬುದನ್ನು ಈ ಶಾಸ್ತ್ರದ ಆರಂಭಕಾಲವೇ ತೋರಿಸಿಕೊಟ್ಟಿದೆ. ಎಡಿನ್‌ಬರೋ ನಗರದ ಪ್ರಸೂತಿ ವೈದ್ಯನಾದ ಜೇಮ್ಸ್ ಯಂಗ್ ಸಿಂಪ್ಸನ್ 1847ರ ನವೆಂಬರಿನಲ್ಲಿ ಕ್ಲೋರೋಫಾರ್ಮನ್ನು ಬಳಕೆಗೆ ತಂದ ಮೂರು ತಿಂಗಳೊಳಗಾಗಿ, 1848ರ ಜನವರಿಯಲ್ಲಿ, ಕೇವಲ ಕಾಲುಗುರನ್ನು ತೆಗೆಸಿಕೊಳ್ಳಲು ಬಂದಿದ್ದ 15 ವರ್ಷದ ಹ್ಯಾನಾ ಗ್ರೀನರ್ ಎಂಬ ಬಾಲಿಕೆಯು ಅದನ್ನು ಆಘ್ರಾಣಿಸುತ್ತಿದ್ದಂತೆಯೇ ಮೃತಳಾದಳು. ಆ ಮೃತ್ಯುವಿನ ಕಾರಣವನ್ನು ಕುರಿತ ವಾದವು ನಮ್ಮ ನೆರೆಯ ಹೈದರಾಬಾದ್ ಸಂಸ್ಥಾನದವರೆಗೂ ಹಬ್ಬಿ, ಅಲ್ಲಿ 1888 ಮತ್ತು 1889ರಲ್ಲಿ ವೈದ್ಯ ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಉಸಿರಾಟವೊಂದನ್ನು ಗಮನಿಸಿಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂದು ಆಯೋಗಗಳು ಸಾರಿದ ಮತವು ಮುಂದೆ ನಿಲ್ಲಲಿಲ್ಲ. ಭಯಗ್ರಸ್ತನಾದ ರೋಗಿಗೆ ಅರೆಬರೆಯಾಗಿ ಕ್ಲೋರೋಫಾರ್ಮ್ ಕೊಟ್ಟಾಗಲೇ ಹೃದಯದ ಗತಿ ಹಠಾತ್ತನೆ ಕೆಡಬಹುದೆಂಬುದನ್ನು ಗುಡ್‌ಮನ್ ಲೆವಿಯೆಂಬ ವೈದ್ಯನು 1911ರ ಸುಮಾರಿಗೆ ಪ್ರಯೋಗಗಳಿಂದ ಸ್ಥಾಪಿಸಿದನು. ಕ್ಲೋರೋಫಾರ್ಮ್ ಇಂದು ಬಳಕೆಯಲ್ಲಿಲ್ಲ. ಆದರೆ ಐದು ನಿಮಿಷದ ಕೆಲಸವೆಂಬ ಉದಾಸೀನದಿಂದ ಅರೆಮನಸ್ಸಿನಲ್ಲಿ ಕೊಟ್ಟ ಅರಿವಳಿಕೆಯೇ ಹೆಚ್ಚು ಭಯಂಕರವೆಂಬ ಅನುಭವವು ಇಂದಿಗೂ ಸಲ್ಲುತ್ತದೆ.

ಆಯ್ಕೆಯ ಮೊದಲ ಆಧಾರವು ನರಗಳ ರಚನೆ. ಗರ್ಭಾಶಯದ ಮೇಲ್ಭಾಗದ ನೋವು ಎದೆಯ ಹತ್ತನೆಯ ನರದಿಂದ ಸೊಂಟದ ಒಂದನೆಯ ನರದವರೆಗಿನ ಮಾರ್ಗಗಳಲ್ಲಿ ಬೆನ್ನುಹುರಿಯನ್ನು ಸೇರುತ್ತದೆ. ಗರ್ಭಕಂಠ ಮತ್ತು ಯೋನಿಯ ಮೇಲ್ಭಾಗದ ನೋವು ತ್ರಿಕಾಸ್ಥಿಯ ಎರಡನೆಯದರಿಂದ ನಾಲ್ಕನೆಯವರೆಗಿನ ನರಗಳ ಮೂಲಕ ಸಾಗುತ್ತದೆ. ಯೋನಿದ್ವಾರದ ನೋವು ಅದೇ ಮೂರು ನರಗಳಿಂದ ಹುಟ್ಟುವ ಪ್ಯುಡೆಂಡಲ್ ನರದ ಅಧೀನವಾಗಿದೆ. ಆದುದರಿಂದ ಗರ್ಭಕಂಠದ ಸುತ್ತ ಕೊಟ್ಟ ಮದ್ದು ಕಂಠವನ್ನು ಹಿಗ್ಗಿಸುವಾಗಿನ ವೇದನೆಯನ್ನು ಬಹುಮಟ್ಟಿಗೆ ನೀಗಿಸಿದರೂ, ಗರ್ಭಾಶಯದ ತುದಿಯನ್ನು ಕೆರೆಯುವಾಗ ಕಿಬ್ಬೊಟ್ಟೆಯಲ್ಲಿ ಏಳುವ ಹಿಂಡುವ ನೋವನ್ನು ಪೂರ್ಣವಾಗಿ ಅಡಗಿಸಲಾರದು. ಮದ್ದು ಕೊಟ್ಟ ಮೇಲೂ ನೋವಾಯಿತೆಂದು ಹೇಳುವ ಹೆಂಗಸನ್ನು ಸಹನೆಯಿಲ್ಲದವಳೆಂದು ಗದರಿಸುವುದು ಅಜ್ಞಾನದ ಕೆಲಸ; ಆಕೆಯು ವರ್ಣಿಸುತ್ತಿರುವುದು ತನ್ನ ದೇಹದ ನರಮಾರ್ಗವನ್ನೇ.

ಗರ್ಭನಿರೋಧಕ್ಕಾಗಿ ತಾಮ್ರದ ವಂಕಿಯನ್ನು (ಕಾಪರ್-ಟಿ) ತೊಡಿಸುವುದಕ್ಕೂ, ಸಣ್ಣ ಕೊಳವೆಯಿಂದ ಒಳಪೊರೆಯ ತುಣುಕು ತೆಗೆಯುವುದಕ್ಕೂ, ಮೂರೂವರೆ ಮಿಲಿಮೀಟರಿಗಿಂತ ತೆಳುವಾದ ದುರ್ಬೀನನ್ನು ಲವಣಜಲದ ಪ್ರವಾಹದೊಡನೆ ನಿಧಾನವಾಗಿ ಒಳಗೆ ಸೇರಿಸುವುದಕ್ಕೂ ಒಂದು ಗಂಟೆ ಮುಂಚೆ ನುಂಗಿದ ಐಬುಪ್ರೊಫೇನ್ ಮಾತ್ರೆಯೂ, ಏನು ನಡೆಯುತ್ತಿದೆಯೆಂದು ಹೇಳುತ್ತ ಬರುವ ದಾದಿಯೂ ಅನೇಕರಿಗೆ ಸಾಕಾಗುತ್ತದೆ. ಆದರೆ ಎಂದೂ ಹೆರದವರಲ್ಲಿಯೂ, ಮುಟ್ಟು ನಿಂತು ಗರ್ಭಕಂಠವು ಕುಗ್ಗಿದವರಲ್ಲಿಯೂ ಇದೇ ಕ್ರಿಯೆಗಳು ತೀವ್ರ ಯಾತನೆಯನ್ನುಂಟುಮಾಡಬಲ್ಲವಾದ್ದರಿಂದ ಎಲ್ಲರಿಗೂ ಒಂದೇ ಅಳತೆಗೋಲನ್ನು ಹಿಡಿಯಲಾಗದು.

ಇವುಗಳಿಗಿಂತ ಒಂದು ಮೆಟ್ಟಿಲು ಮೇಲಿನ ಕ್ರಮವೇ ಗರ್ಭಕಂಠದ ಸುತ್ತ ಲಿಗ್ನೊಕೇನ್ ಚುಚ್ಚುವುದು. ಸ್ವೀಡನ್ನಿನಲ್ಲಿ 1943ರಲ್ಲಿ ಸಿದ್ಧವಾದ ಈ ಔಷಧದ ಶೇಕಡಾ 1ರ ದ್ರಾವಣವನ್ನು 10ರಿಂದ 20 ಮಿಲಿಲೀಟರಿನಷ್ಟು, ಗಡಿಯಾರದ ಮುಖದ 4 ಮತ್ತು 8ರ ಸ್ಥಾನಗಳಲ್ಲಿ ಹಂಚಿ ಕೊಟ್ಟು, ಕನಿಷ್ಠ ಮೂರು ನಿಮಿಷ ಕಾದು ಕೆಲಸವನ್ನಾರಂಭಿಸುವುದು ರೂಢಿ. ಇಲ್ಲಿ ರೋಗಿಯ ತೂಕವನ್ನು ಮರೆಯಕೂಡದು. ಅಡ್ರಿನಲಿನ್ ಬೆರೆಸದ ಲಿಗ್ನೊಕೇನಿಗೆ ಕಿಲೋಗ್ರಾಮಿಗೆ ಸುಮಾರು ನಾಲ್ಕೂವರೆ ಮಿಲಿಗ್ರಾಮ್ ಗರಿಷ್ಠ ಮಿತಿಯಾದುದರಿಂದ, 40 ಕಿಲೋಗ್ರಾಮ್ ತೂಗುವ ಕೃಶಾಂಗಿಗೆ 18 ಮಿಲಿಲೀಟರಿನಲ್ಲೇ ಮಿತಿ ಮುಗಿಯುತ್ತದೆ. ನಮ್ಮ ಹೊಲಗಳಲ್ಲಿ ದುಡಿದು ಬರುವ ಹೆಣ್ಣುಮಕ್ಕಳಲ್ಲಿ ಇಂತಹ ಮೈಕಟ್ಟು ಅಪರೂಪವಲ್ಲ. ಈ ಪ್ರದೇಶದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಪ್ರತಿಯೊಂದು ಚುಚ್ಚಿಗೂ ಮುನ್ನ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ತುಟಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಎನ್ನುವ ಶಬ್ದ, ನಾಲಗೆಯಲ್ಲಿ ಲೋಹದ ರುಚಿ, ಇವು ವಿಷಪ್ರಭಾವದ ಮುನ್ಸೂಚನೆಗಳು. ಎಚ್ಚರವಾಗಿರುವ ರೋಗಿಯೇ ಅವನ್ನು ತಿಳಿಸಬಲ್ಲಳೆಂಬುದು ಈ ಕ್ರಮದ ಒಂದು ವಿಶೇಷ ಗುಣ. ಕಂಠವನ್ನು ಹಿಗ್ಗಿಸುವಾಗ ನಾಡಿಯು ತಟ್ಟನೆ ಕುಸಿಯುವುದುಂಟಾದುದರಿಂದ ಅಟ್ರೊಪಿನ್ ಕೈಯಳತೆಯಲ್ಲಿರಬೇಕು.

ಗರ್ಭಾಶಯವನ್ನು ಬರಿದುಮಾಡುವುದಕ್ಕೆ ಹರಿತವಾದ ಕ್ಯುರೆಟ್ಟಿಗಿಂತ ಹೀರುವ ಕೊಳವೆಯೇ ಶ್ರೇಷ್ಠವೆಂದೂ, ಅದಕ್ಕೆ ಮಾತ್ರೆ ಮತ್ತು ಗರ್ಭಕಂಠದ ಚುಚ್ಚುಮದ್ದು ಸಾಕೆಂದೂ, ಪೂರ್ಣ ಎಚ್ಚರ ತಪ್ಪಿಸುವುದನ್ನು ವಾಡಿಕೆಯಾಗಿ ಮಾಡಕೂಡದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮೃದುವಾದ ಸಾಧನವನ್ನು ಆರಿಸಿಕೊಂಡರೆ ಅರಿವಳಿಕೆಯ ಅಗತ್ಯವೂ ತಗ್ಗುತ್ತದೆಂಬುದನ್ನು ಗಮನಿಸಬೇಕು.

ಸ್ಥಾನಿಕ ಮದ್ದು ಸೋಲುವ ಸಂದರ್ಭವೂ ಉಂಟು. ಕೀವು ತುಂಬಿದ ಅಂಗಾಂಶವು ಆಮ್ಲೀಯವಾಗಿರುವುದರಿಂದ ಬಾರ್ಥೊಲಿನ್ ಗಡ್ಡೆಯಲ್ಲಿ ಲಿಗ್ನೊಕೇನ್ ಸರಿಯಾಗಿ ಕೆಲಸಮಾಡದು. ಆಗ ಬೆನ್ನಿನ ಇಂಜೆಕ್ಷನ್ನು ಉಪಯುಕ್ತವಾಗಬಹುದು: ರೋಗಿಯನ್ನು ಕುಳ್ಳಿರಿಸಿ, ಭಾರವಾದ ಬ್ಯುಪಿವಕೇನನ್ನು ಒಂದು ಅಥವಾ ಒಂದೂವರೆ ಮಿಲಿಲೀಟರ್ ಮಾತ್ರ ಬೆನ್ನುಹುರಿಯ ದ್ರವಕ್ಕೆ ಸೇರಿಸಿ, ಕೆಲವು ನಿಮಿಷ ಹಾಗೆಯೇ ಇರಿಸಿದರೆ, ತಡಿಯ ಮೇಲೆ ಕುಳಿತಾಗ ಸೋಕುವ ಭಾಗವಷ್ಟೇ ಮರಗಟ್ಟುತ್ತದೆ. ಮೂತ್ರ ಕಟ್ಟುವಿಕೆ, ತಲೆನೋವು, ಕಾಲುಗಳಿಗೆ ಬಲ ಬರುವವರೆಗಿನ ವಿಳಂಬ, ಇವು ಇದರ ಅನಾನುಕೂಲಗಳು. ಗರ್ಭಸ್ರಾವದಿಂದ ವಿಪರೀತ ರಕ್ತ ಹೋಗಿ ನಾಡಿ ಕ್ಷೀಣಿಸಿದವಳಿಗೆ ಬೆನ್ನಿನ ಅರಿವಳಿಕೆ ಸಲ್ಲದು. ರಕ್ತನಾಳಗಳು ಸಡಿಲಗೊಂಡು ಉಳಿದಿದ್ದ ರಕ್ತದೊತ್ತಡವೂ ಇಳಿದುಹೋಗುತ್ತದೆ.

ಅಂಥವಳಿಗೆ ಒದಗುವುದು ಕೆಟಮಿನ್. ಉಸಿರಾಟವನ್ನು ಬಹುಮಟ್ಟಿಗೆ ಕಾಪಾಡುತ್ತ, ರಕ್ತದೊತ್ತಡವನ್ನು ಎತ್ತಿಹಿಡಿಯುತ್ತ, ನೋವನ್ನು ನಿಜವಾಗಿ ನಿವಾರಿಸುವ ಈ ಔಷಧವು ಸಲಕರಣೆಗಳು ಕಡಮೆಯಿರುವ ಆಸ್ಪತ್ರೆಗಳಿಗೆ ದೊಡ್ಡ ಆಸರೆ. ಆದರೆ ರಕ್ತದೊತ್ತಡದ ವ್ಯಾಧಿಯುಳ್ಳವರಿಗೆ ಹಿತಕರವಲ್ಲ. ಎಚ್ಚರಗೊಳ್ಳುವಾಗ ಭೀಕರ ಸ್ವಪ್ನಗಳನ್ನು ಕಾಣಿಸುವುದುಂಟು, ಮಿಡಜೊಲಾಮ್ ಜೊತೆಗೂಡಿದರೆ ಅವು ತಗ್ಗುತ್ತವೆ. ನಗರದ ಆಸ್ಪತ್ರೆಗಳಲ್ಲಿ ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಹೆಚ್ಚು ಬಳಕೆಯಲ್ಲಿದೆ. ಬೇಗನೆ ನಿದ್ದೆ, ಬೇಗನೆ ಎಚ್ಚರ, ವಾಂತಿಯೂ ಅಲ್ಪ. ಆದರೂ ಅದಕ್ಕೆ ನೋವು ನಿವಾರಿಸುವ ಶಕ್ತಿಯಿಲ್ಲದ್ದರಿಂದ ಫೆಂಟನಿಲ್ ಸೇರಿಸಬೇಕಾಗುತ್ತದೆ, ಮತ್ತು ಎರಡೂ ಕೂಡಿದಾಗ ಉಸಿರು ನಿಲ್ಲುವ ಸಂಭವ ಹೆಚ್ಚು. ಆಘ್ರಾಣಿಸುವ ಹ್ಯಾಲೊಥೇನ್, ಸೆವೊಫ್ಲುರೇನ್‌ಗಳು ಗರ್ಭಾಶಯದ ಸ್ನಾಯುವನ್ನು ಸಡಿಲಿಸಿ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಗರ್ಭಸ್ರಾವದ ಸಂದರ್ಭದಲ್ಲಿ ಅವುಗಳ ಪ್ರಮಾಣವನ್ನು ಮಿತಗೊಳಿಸುತ್ತಾರೆ.

ಇಂತಹ ನಿದ್ದೆಯನ್ನು ಕೊಡಬೇಕಾದರೆ ಶಸ್ತ್ರಕ್ರಿಯೆ ಮಾಡುವವರಲ್ಲದೆ ಬೇರೊಬ್ಬ ತರಬೇತಾದ ವೈದ್ಯರು, ಕೃತಕ ಉಸಿರಿನ ಸಾಧನ, ಆಮ್ಲಜನಕ, ರಕ್ತದ ಆಮ್ಲಜನಕವನ್ನು ಅಳೆಯುವ ಯಂತ್ರ ಇವೆಲ್ಲ ಇರಲೇಬೇಕೆಂಬುದರಲ್ಲಿ ರಿಯಾಯಿತಿಗೆ ಎಡೆಯಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಆರಂಭವಾಗಿ ಜನರ ಬಾಯಲ್ಲಿ ‘ಕಿಮ್ಸ್’ ಎಂದು ನೆಲೆಗೊಂಡಿರುವ ಸಂಸ್ಥೆಯಲ್ಲಿಯೂ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಸಂಸ್ಥೆಯವರು ನಡೆಸುತ್ತಿರುವ ವೈದ್ಯಕೀಯ ಕಾಲೇಜಿನಲ್ಲಿಯೂ ಅರಿವಳಿಕೆ ವಿದ್ಯೆಯ ಪ್ರತ್ಯೇಕ ವಿಭಾಗಗಳಿವೆ. ಆದರೆ ಧಾರವಾಡ ತಾಲ್ಲೂಕಿನ ಹೆಬ್ಬಳ್ಳಿಯಂತಹ ಗ್ರಾಮದ ಹೆಂಗಸಿಗೆ ಹತ್ತಿರವಾದದ್ದು ಸಣ್ಣ ಆಸ್ಪತ್ರೆಯೇ. ಅಲ್ಲಿ ಸ್ಥಾನಿಕ ಅರಿವಳಿಕೆಯು ಕೇವಲ ಅಗ್ಗದ ಬದಲಿಯಲ್ಲ, ಬಹಳ ಸಲ ಅದೇ ಹೆಚ್ಚು ಸುರಕ್ಷಿತವಾದ ಮಾರ್ಗ. ಸಂತಾನಶಕ್ತಿಹರಣದ ಶಸ್ತ್ರಕ್ರಿಯೆಗೂ ಸ್ಥಾನಿಕ ಅರಿವಳಿಕೆಗೇ ಪ್ರಾಶಸ್ತ್ಯವೆಂದು ಕೇಂದ್ರ ಸರ್ಕಾರದ ಮಾನದಂಡಗಳು ವಿಧಿಸಿವೆ.

ರೋಗಿಯ ಸ್ಥಿತಿಯನ್ನು ಅರಿಯುವಲ್ಲಿ ಸ್ಥಳೀಯ ಜೀವನಕ್ರಮದ ಪರಿಚಯವು ಅಮೂಲ್ಯವಾದದ್ದು. ಘನಾಹಾರಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆಯ ಉಪವಾಸವೆಂಬುದು ನಿಯಮ. ಆದರೆ ‘ಏನೂ ತಿಂದಿಲ್ಲರಿ’ ಎನ್ನುವವಳು ನಸುಕಿನಲ್ಲಿ ಹಾಲು ಹಾಕಿದ ಚಹಾ ಕುಡಿದಿರಬಹುದು. ಹಾಲಿನ ಚಹಾಕ್ಕೂ ಘನಾಹಾರದ ನಿಯಮವೇ ಅನ್ವಯಿಸುವುದರಿಂದ ಊಟದ ಜೊತೆಗೆ ಚಹಾವನ್ನೂ ಹೆಸರು ಹಿಡಿದು ಕೇಳಬೇಕು. ಹಲ್ಲಿಗೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಚ್ಚುವುದನ್ನೂ ತಂಬಾಕು ಹಾಕಿಕೊಳ್ಳುವುದನ್ನೂ ಹೀಗೆಯೇ ಸಂಕೋಚವಾಗದಂತೆ ವಿಚಾರಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಂತೆ ಕರ್ನಾಟಕದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪವಾದವರು ರಕ್ತಹೀನರು; ಅಧಿಕ ಮುಟ್ಟಿನ ಕಾರಣದಿಂದಲೇ ಕ್ಯುರೆಟಿಂಗಿಗೆ ಬಂದವಳ ಹಿಮೋಗ್ಲೋಬಿನ್ ನೋಡದೆ ಯಾವ ಅರಿವಳಿಕೆಯನ್ನೂ ಗೊತ್ತುಮಾಡುವುದು ತಪ್ಪು. ಇದಲ್ಲದೆ ಹಿಂದೆ ದೌರ್ಜನ್ಯಕ್ಕೀಡಾದವಳಿಗೆ, ಎಂದೂ ಯೋನಿಪರೀಕ್ಷೆ ಮಾಡಿಸಿಕೊಳ್ಳದ ಕನ್ಯೆಗೆ, ಭಯದಿಂದ ಮೈಯೆಲ್ಲ ಬಿಗಿಹಿಡಿದವಳಿಗೆ ನಿದ್ದೆಯೇ ಉಚಿತವೆನಿಸಬಹುದು. ಆ ತೀರ್ಮಾನದಲ್ಲಿ ಆಕೆಯ ಮಾತೇ ಪ್ರಧಾನ.

ಆಕೆಯ ಮಾತಿಗೆ ಕಾಯಿದೆಯ ಬಲವೂ ಇದೆ. ರೋಗನಿದಾನಕ್ಕೆಂದು ಎಚ್ಚರ ತಪ್ಪಿಸಿದ್ದ ಹೆಂಗಸೊಬ್ಬಳ ಗರ್ಭಕೋಶವನ್ನು, ಆಕೆ ಪ್ರಜ್ಞಾಹೀನಳಾಗಿದ್ದಾಗ ತಾಯಿಯ ಒಪ್ಪಿಗೆಯನ್ನಷ್ಟೇ ಪಡೆದು ತೆಗೆದ ಪ್ರಕರಣದಲ್ಲಿ, ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಬರೆದ 2008ರ ಸುಪ್ರೀಂ ಕೋರ್ಟಿನ ತೀರ್ಪು, ಪರೀಕ್ಷೆಗೆ ಕೊಟ್ಟ ಸಮ್ಮತಿಯು ಚಿಕಿತ್ಸೆಯ ಸಮ್ಮತಿಯಾಗದೆಂದು ಸ್ಪಷ್ಟಪಡಿಸಿತು. 1971ರ ಗರ್ಭಪಾತ ಕಾಯಿದೆಯಂತೆ ಹದಿನೆಂಟು ತುಂಬಿದ, ಸ್ವಸ್ಥಚಿತ್ತಳಾದ ಸ್ತ್ರೀಯ ಸ್ವಂತ ಒಪ್ಪಿಗೆಯೇ ಸಾಕು. ಗಂಡನ ರುಜು ಬೇಕಿಲ್ಲ. ಆದರೂ ಅನೇಕ ಕಡೆಗಳಲ್ಲಿ ಅತ್ತೆಯನ್ನೋ ಗಂಡನನ್ನೋ ಕರೆದು ಅರಿವಳಿಕೆಯ ವಿಷಯ ತಿಳಿಸಿ, ಮೇಜಿನ ಮೇಲೆ ಮಲಗತಕ್ಕವಳಿಗೆ ಏನನ್ನೂ ಹೇಳದಿರುವ ಪದ್ಧತಿ ಉಳಿದುಕೊಂಡಿದೆ, ಅದು ಹೋಗಲೇಬೇಕು.

ಸ್ಥಾನಿಕ ಮದ್ದು ಪಡೆದವಳು ಸ್ವಲ್ಪ ವಿಶ್ರಾಂತಿಯ ನಂತರ ಎದ್ದು ಹೋಗಬಹುದು. ನಿದ್ದೆಯ ಔಷಧ ಪಡೆದವಳು ಪೂರ್ಣವಾಗಿ ತಿಳಿವಿಗೆ ಬಂದು, ನಡೆದಾಡಿ, ವಾಂತಿಯಿಲ್ಲದೆ ನೀರು ಕುಡಿದು, ರಕ್ತಸ್ರಾವ ಹೆಚ್ಚಿಲ್ಲವೆಂದು ಖಚಿತವಾದ ಮೇಲೆಯೇ ಹೊರಡತಕ್ಕದ್ದು. ಬೆನ್ನಿನ ಇಂಜೆಕ್ಷನ್ ಪಡೆದವಳು ಮೂತ್ರ ವಿಸರ್ಜಿಸಿರಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ‘ಚಿಗರಿ’ ಎಂಬ ತ್ವರಿತ ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು ಬಸ್ಸು ಹಿಡಿಯಬೇಕಾದವಳನ್ನು ಒಂಟಿಯಾಗಿ ಕಳುಹಿಸಕೂಡದು. ಒಂದು ದಿನದ ಮಟ್ಟಿಗೆ ವಾಹನ ನಡೆಸುವುದು, ಒಲೆಯ ಮುಂದೆ ಒಬ್ಬಳೇ ನಿಲ್ಲುವುದು, ಕಾಗದಪತ್ರಕ್ಕೆ ಸಹಿ ಹಾಕುವುದು ಬೇಡ. ಗಂಟೆಗೆ ಎರಡು ದಪ್ಪ ಪ್ಯಾಡುಗಳಂತೆ ಎರಡು ಗಂಟೆ ಸತತವಾಗಿ ರಕ್ತ ಹೋದರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತ ಹೋದರೆ ರಾತ್ರಿಯಾದರೂ ಆಸ್ಪತ್ರೆಗೆ ಮರಳಬೇಕೆಂಬುದನ್ನು ಆಕೆಗೂ ಜೊತೆಗೆ ಬಂದವರಿಗೂ ಬಾಯಿಮಾತಿನಲ್ಲಿ ತಿಳಿಸಿ, ಬರೆದೂ ಕೊಡತಕ್ಕದ್ದು.