ಕೇರಿಯ ತಂಡ, ಕಂಪನಿಯ ತಂಡ: ಜಾಂಬೋಟಿ ಸೀಮೆಯಿಂದ ಕಂಡ ಕರ್ನಾಟಕದ ಫುಟ್‌ಬಾಲ್

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವೆಗೆ ಇಳಿಯುವ ರಸ್ತೆಯಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿ ಇದೆ. ಫುಟ್‌ಬಾಲ್ ಆಟದ ದೃಷ್ಟಿಯಿಂದ ನೋಡಿದರೆ ಈ ಸೀಮೆಯ ಸುತ್ತ ಮೂರು ಬಗೆಯ ಪರಂಪರೆಗಳಿವೆ. ಪಶ್ಚಿಮಕ್ಕಿರುವ ಗೋವೆಯಲ್ಲಿ 1883ರಲ್ಲಿ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ ಸಿಯೋಲಿಮ್ ಗ್ರಾಮದಲ್ಲಿ ಈ ಆಟವನ್ನು ಕಲಿಸಿದರೆಂದು ದಾಖಲೆಗಳು ಹೇಳುತ್ತವೆ. ಅಲ್ಲಿ ಅದು ಇಗರ್ಜಿಯ ಅಂಗಳದಿಂದ ಬೆಳೆಯಿತು. ಉತ್ತರದ ಕೊಲ್ಲಾಪುರದಲ್ಲಿ ಕುಸ್ತಿಯ ತಾಲೀಮುಗಳ ಆಶ್ರಯದಲ್ಲಿ ಬೆಳೆಯಿತು. ಸುಮಾರು 500 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ದಂಡು ಪ್ರದೇಶದ ಪಟಾಲಮುಗಳಿಂದ ಕೇರಿಗಳಿಗೆ ಹಬ್ಬಿತು. ಖಾನಾಪುರದ ಆಟಗಾರನು ಆಡಳಿತದ ಲೆಕ್ಕದಲ್ಲಿ ಸೇರುವುದು ಈ ಮೂರನೆಯದಕ್ಕೆ. ಆದ್ದರಿಂದ ಬೆಂಗಳೂರಿನ ಕೇರಿ ತಂಡಗಳ ಏರಿಳಿತದ ಕಥೆ ಈ ಗಡಿ ಸೀಮೆಗೂ ಸಂಬಂಧಿಸಿದ್ದಾಗಿದೆ.

ಆ ತಂಡಗಳಲ್ಲಿ ಮೊದಲು ಹೇಳಬೇಕಾದ ಹೆಸರು ಬೆಂಗಳೂರು ಮುಸ್ಲಿಮ್ಸ್. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ನಾಲ್ಕು ದಶಕಗಳಿಗೂ ಮಿಕ್ಕಿ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿತ್ತು. 1923ರಲ್ಲಿ ಮೋಹನ್ ಬಾಗಾನ್ ಅಂತಿಮ ಪಂದ್ಯವನ್ನು ತಲುಪಿಯೂ ಡರ್ಹಾಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ಆ ಕಪ್ಪನ್ನು ಮೊದಲ ಬಾರಿಗೆ ಎತ್ತಿಹಿಡಿದ ಭಾರತೀಯ ತಂಡ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಅದು ಮಣಿಸಿದ್ದು ಕಲ್ಕತ್ತಾ ಲೀಗಿನ ಚಾಂಪಿಯನ್ನರಾಗಿದ್ದ ಮೊಹಮಡನ್ ಸ್ಪೋರ್ಟಿಂಗನ್ನು. 1938ರಲ್ಲಿ ಆರ್ಗೈಲ್ ಮತ್ತು ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸೇನಾ ತಂಡವನ್ನೇ ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು. 1940ರಲ್ಲಿ ಮೊಹಮಡನ್ ಸ್ಪೋರ್ಟಿಂಗ್ ಸೇಡು ತೀರಿಸಿಕೊಂಡಿತಾದರೂ 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಬೆಂಗಳೂರಿನವರು ಮೂರನೆಯ ಬಾರಿ ಗೆದ್ದರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು ಎಂಬುದನ್ನು ನೆನೆದರೆ, ಈ ಗೆಲುವುಗಳು ನಡೆದದ್ದು ಬೆಳಗಾವಿಯವರ ರಾಜಧಾನಿಯಲ್ಲಿ, ಗೆದ್ದವರು ಮಾತ್ರ ಪರಸಂಸ್ಥಾನದವರು ಎಂಬ ವಿಚಿತ್ರ ಸ್ಥಿತಿ ಗೋಚರವಾಗುತ್ತದೆ.

ಮೋಹನ್ ಬಾಗಾನಿನ 1911ರ ಐಎಫ್‌ಎ ಶೀಲ್ಡ್ ಗೆಲುವಿನ ಬಗೆಗೆ ಬಂಗಾಳದಲ್ಲಿ ಗ್ರಂಥಗಳಿವೆ, ಚಲನಚಿತ್ರವಿದೆ. 1937ರ ಗೆಲುವಿಗೆ ಕನ್ನಡದಲ್ಲಿ ಅಂತಹ ಸ್ಥಾನ ದೊರೆತಿಲ್ಲ. ಗರಡಿಮನೆಯನ್ನು, ಹಲಗೆ–ತಮಟೆಯನ್ನು, ಜಾತ್ರೆಯ ಕುಸ್ತಿ ಕಣವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿರುವ ನಮ್ಮ ಜಾನಪದ ವಿದ್ವತ್ತು, ಚೆಂಡು ವಿದೇಶದಿಂದ ಬಂದಿತೆಂಬ ಒಂದೇ ಕಾರಣಕ್ಕೆ ಕೇರಿಯ ಫುಟ್‌ಬಾಲ್ ಸಂಘವನ್ನು ಹೊರಗಿಟ್ಟಂತಿದೆ. ಇದು ಸರಿಯಾದ ವರ್ಗೀಕರಣವಲ್ಲ.

ಬೆಂಗಳೂರು ಮುಸ್ಲಿಮ್ಸ್ ಬಳಗದಿಂದ ಬಂದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಆಡಿದರು. ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ಸಂಸ್ಥಾನದ ಆಟಗಾರರೇ. ಭಾರತೀಯರಲ್ಲಿ ಹೆಚ್ಚಿನವರು ಅಂದು ಬರಿಗಾಲಲ್ಲಿ ಆಡಿದ್ದರು. ಅಹ್ಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ರೋವರ್ಸ್ ಕಪ್ ಈಸ್ಟ್ ಬೆಂಗಾಲ್ ಪಾಲಾಯಿತು. ಕಪ್ಪು ಆಟಗಾರನ ಹಿಂದೆಯೇ ಹೋಯಿತು ಎನ್ನಬಹುದು. ಕೇರಿಯ ತಂಡ ಬೆಳೆಸುವುದು, ಹಣವುಳ್ಳ ತಂಡ ಕೊಂಡೊಯ್ಯುವುದು – ಈ ಕ್ರಮ ಅಲ್ಲಿಂದೀಚೆಗೆ ಮುರಿದಿಲ್ಲ.

ಕಲ್ಕತ್ತೆಯ ಸೆಳೆತದ ಜೊತೆಗೆ ಬೆಂಗಳೂರಿನಲ್ಲಿಯೇ ಇನ್ನೊಂದು ಸೆಳೆತ ಹುಟ್ಟಿಕೊಂಡಿತು. ಎಚ್‌ಎಎಲ್, ಐಟಿಐ ಮೊದಲಾದ ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ಕ್ರೀಡಾ ಕೋಟಾದಡಿ ನೌಕರಿ ಕೊಟ್ಟವು. ಬಡ ಮನೆಯ ಹುಡುಗನಿಗೆ ಅದು ತಿಂಗಳ ಸಂಬಳ, ನಿವೃತ್ತಿವೇತನ, ಮದುವೆಗೆ ಹೆಣ್ಣು ದೊರಕಿಸುವ ಗೌರವ. ಇದನ್ನು ಅವನತಿಯ ಕಾರಣವೆಂದಷ್ಟೇ ಕರೆಯುವುದು ಅನ್ಯಾಯವಾದೀತು. ರಾಜ್ಯ ತಂಡಕ್ಕೂ ಇವೇ ಆಧಾರವಾದವು. 1946–47 ಮತ್ತು 1952–53ರಲ್ಲಿ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರು, ರಾಜ್ಯ ಪುನರ್ವಿಂಗಡಣೆಯ ತರುವಾಯ 1967–68 ಮತ್ತು 1968–69ರಲ್ಲಿ ಮತ್ತೆ ಗೆದ್ದಿತು. ಆದರೆ ಕೇರಿಯ ಹೆಸರು ಹಿಂದೆ ಸರಿದು ಕಾರ್ಖಾನೆಯ ಹೆಸರು ಮುಂದೆ ಬಂತು. ಉದಾರೀಕರಣದ ನಂತರ ನೇಮಕಾತಿ ಕುಗ್ಗಿದಾಗ ಕಾರ್ಖಾನೆಯ ತಂಡವೂ ಸೊರಗಿತು. 2010–11 ಮತ್ತು 2011–12ರಲ್ಲಿ ಐ-ಲೀಗ್ ಆಡಿದ ಎಚ್‌ಎಎಲ್ ಹಿಂಬಡ್ತಿ ಹೊಂದಿತು. ರೋವರ್ಸ್ ಕಪ್ ಪಂದ್ಯಾವಳಿಯೇ 2001ರಿಂದೀಚೆಗೆ ನಡೆದಿಲ್ಲ.

ಕೊಲ್ಲಾಪುರದ ದಾರಿ ಬೇರೆ. ತಾಲೀಮು ಎಂಬುದು ಶಿಕ್ಷಣ ಎಂಬರ್ಥದ ಅರಬ್ಬಿ ಪದ. ಬೆಳಗಾವಿ ಸೀಮೆಯ ಕನ್ನಡ–ಮರಾಠಿಗಳೆರಡರಲ್ಲೂ ಅದು ಗರಡಿಮನೆ. ಶಾಹೂ ಮಹಾರಾಜರ ಕಾಲದಲ್ಲಿ ರಾಜಾಶ್ರಯ ಪಡೆದ ಕುಸ್ತಿಯ ಈ ಸಂಸ್ಥೆಗಳು ಫುಟ್‌ಬಾಲನ್ನೂ ತಮ್ಮದಾಗಿಸಿಕೊಂಡವು. ಪಾಟಾಕಡೀಲ್ ತಾಲೀಮ್ ಮಂಡಳ, ದಿಲ್‌ಬಹಾರ್ ತಾಲೀಮ್ ಮಂಡಳ, ಬಾಲಗೋಪಾಲ ತಾಲೀಮ್ ಮುಂತಾದವು ಇಂದಿಗೂ ಶಾಹೂ ಕ್ರೀಡಾಂಗಣದಲ್ಲಿ ಓಣಿಯ ಹೆಸರಿನಲ್ಲಿಯೇ ಸೆಣಸುತ್ತವೆ. ಗಣೇಶೋತ್ಸವ ನಡೆಸುವ ಮಂಡಳಿಯೇ ತಂಡವನ್ನೂ ಕಟ್ಟುತ್ತದೆ. ವರ್ಗಣಿ ಕೊಡುವ ಮನೆಯೇ ಪಂದ್ಯಕ್ಕೂ ಬರುತ್ತದೆ. ಈ ತಂಡಗಳು ರಾಷ್ಟ್ರಮಟ್ಟದಲ್ಲಿ ಏನನ್ನೂ ಗೆದ್ದಿಲ್ಲವೆಂದು ಆಕ್ಷೇಪಿಸಬಹುದು. ಆದರೆ ಅವು ಉಳಿದಿವೆ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದ ಅನಿಕೇತ್ ಜಾಧವ್ ಬಂದದ್ದು ಈ ಕೊಲ್ಲಾಪುರದಿಂದಲೇ. ಆಟವು ಹಬ್ಬದ ಪಂಚಾಂಗದೊಳಗೆ ಸೇರಿಕೊಂಡಲ್ಲಿ ಸೋಲು ಗೆಲುವುಗಳು ತಂಡದ ಅಸ್ತಿತ್ವವನ್ನು ಅಲುಗಿಸಲಾರವು.

ಬೆಂಗಳೂರಿನ ಇತ್ತೀಚಿನ ಸ್ಥಿತಿ ಮಿಶ್ರವಾಗಿದೆ. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. 2023ರ ಮಾರ್ಚಿಯಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕವು 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಪಡೆಯಿತು. ಕೆಳ ಸ್ತರದಲ್ಲಿ ಎಸ್‌ಸಿ ಬೆಂಗಳೂರು 2023–24ರಲ್ಲಿ ಐ-ಲೀಗಿಗೆ ಬಡ್ತಿ ಪಡೆದು, 2024–25ರಲ್ಲಿಯೇ ಹಿಂಬಡ್ತಿ ಕಂಡಿತು. 2025ರ ಜುಲೈಯಲ್ಲಿ ಸೂಪರ್ ಲೀಗಿನ ಮುಂದಿನ ಋತುವೇ ಒಪ್ಪಂದದ ಗೊಂದಲದಿಂದ ತಡೆಹಿಡಿಯಲ್ಪಟ್ಟಾಗ, ಮೇಲಿನ ಸ್ತರವೂ ಎಷ್ಟು ಸಡಿಲವಾದ ನೆಲದ ಮೇಲಿದೆಯೆಂಬುದು ಬಯಲಾಯಿತು.

ಬೆಳಗಾವಿ–ಖಾನಾಪುರದ ತಂಡಕ್ಕೆ ಮಾರ್ಗ ಕಾಗದದ ಮೇಲೆ ತೆರೆದಿದೆ: ರಾಜ್ಯದ ಲೀಗಿನಿಂದ 2023–24ರಲ್ಲಿ ಆರಂಭವಾದ ಐ-ಲೀಗ್ 3, ಅಲ್ಲಿಂದ ಮೇಲಕ್ಕೆ. ಆದರೆ ಆ ರಾಜ್ಯದ ಲೀಗಿನ ಡಿವಿಷನ್‌ಗಳು ಬೆಂಗಳೂರಿನಲ್ಲಿಯೇ ನಡೆದುಕೊಂಡು ಬಂದಿವೆ. ಕೊಡಗಿನ ಹೆಸರು ಹೊತ್ತ ಕೊಡಗು ಎಫ್‌ಸಿ ಅಲ್ಲಿ ಸೂಪರ್ ಡಿವಿಷನ್ ಆಡಿತೆಂಬುದು ಭರವಸೆಯ ಸಂಗತಿ. ದಿನಗೂಲಿಯ ಆಟಗಾರರನ್ನು ಕಟ್ಟಿಕೊಂಡು ಪ್ರತಿ ಪಂದ್ಯಕ್ಕೂ ರಾತ್ರಿಯಿಡೀ ರೈಲಿನಲ್ಲಿ ಪ್ರಯಾಣಿಸುವ ಖರ್ಚನ್ನು ಯಾವ ಓಣಿಯ ವರ್ಗಣಿಯೂ ಭರಿಸಲಾರದು. ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳನ್ನೊಳಗೊಂಡ ಪ್ರಾದೇಶಿಕ ಲೀಗೊಂದು ಏರ್ಪಟ್ಟು, ಅದರ ವಿಜೇತರು ನೇರವಾಗಿ ರಾಜ್ಯಮಟ್ಟಕ್ಕೆ ಹೋಗುವಂತಾದರೆ ಲೆಕ್ಕ ಬದಲಾಗುತ್ತದೆ. ಅಲ್ಲಿಯವರೆಗೆ ಈ ಸೀಮೆಯ ಆಟಗಾರನಿಗೆ ಕೊಲ್ಲಾಪುರವು ಸುಮಾರು 110 ಕಿಲೋಮೀಟರು, ಗೋವೆ ಘಾಟಿನ ಕೆಳಗೆ.