ಕೆರೆ ನೀರಿನಲ್ಲಿ ಕರಗಿದ ಹಾರ್ಮೋನು

ಹೆಣ್ತನದ ಹಾರ್ಮೋನಾದ ಎಸ್ಟ್ರಾಡಯಾಲ್ ಮೀನಿನಲ್ಲೂ ಮನುಷ್ಯರಲ್ಲೂ ಒಂದೇ ರಚನೆಯ ಅಣು. ಅದನ್ನು ಗುರುತಿಸಿ ಕೆಲಸಕ್ಕೆ ಹಚ್ಚುವ ಜೀವಕೋಶದ ವ್ಯವಸ್ಥೆಯೂ ಎರಡರಲ್ಲಿ ಬಹುಪಾಲು ಒಂದೇ. ಆದ್ದರಿಂದ ಮನುಷ್ಯರಿಗೆಂದು ಮಾಡಿದ ಮಾತ್ರೆಯ ಅಂಶ ಚರಂಡಿಯಿಂದ ಹೊಳೆಗೆ ಇಳಿದರೆ ಅಲ್ಲಿನ ಗಂಡು ಮೀನಿನ ಮೈಯೂ ಅದಕ್ಕೆ ಓಗೊಡುತ್ತದೆ.

ಅಂಥ ಅಣುಗಳ ತಯಾರಿಕೆ 1938ರಷ್ಟು ಹಳೆಯದು. ಆ ವರ್ಷ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾಡ್ಸ್ ತಂಡ ಡಿಇಎಸ್ ಎಂಬ ಕೃತಕ ಈಸ್ಟ್ರೋಜೆನ್, ಅಂದರೆ ಹೆಣ್ತನದ ಹಾರ್ಮೋನಿನಂತೆ ಕೆಲಸ ಮಾಡುವ ಅಣು, ತಯಾರಿಸಿತು. ಅದೇ ವರ್ಷ ಬರ್ಲಿನ್ನಿನ ಶೆರಿಂಗ್ ಕಂಪನಿಯಲ್ಲಿ ಎಥಿನೈಲ್ ಎಸ್ಟ್ರಾಡಯಾಲ್ ಎಂಬ ಇನ್ನೊಂದು ಸಿದ್ಧವಾಯಿತು. ಮುಂದೆ ಗರ್ಭನಿರೋಧಕ ಮಾತ್ರೆಗಳಲ್ಲಿ ನೆಲೆಯೂರಿದ್ದು ಎರಡನೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಮಾಲಾ-ಎನ್ ಮಾತ್ರೆಯಲ್ಲೂ ಇದು 0.03 ಮಿಲಿಗ್ರಾಂ ಇರುತ್ತದೆ.

ನೀರಿನ ಕಡೆಗೆ ವಿಜ್ಞಾನಿಗಳ ಗಮನ ಹೊರಳಿಸಿದವರು ಬ್ರಿಟನ್ನಿನ ಗಾಳ ಹಾಕುವವರು. 1970ರ ದಶಕದ ಕೊನೆಗೆ, ಕೊಳಚೆ ಶುದ್ಧೀಕರಣ ಘಟಕಗಳ ಬಳಿ ಹಿಡಿದ ರೋಚ್ ಮೀನುಗಳಲ್ಲಿ ಗಂಡು-ಹೆಣ್ಣು ಎರಡರ ಅಂಗಾಂಶವೂ ಕಂಡಿತು. ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಮತ್ತು ಸಂಗಡಿಗರು ಘಟಕಗಳಿಂದ ಹೊರಬೀಳುವ ನೀರಿನಲ್ಲಿ ಟ್ರೌಟ್ ಮೀನುಗಳನ್ನು ಪಂಜರದಲ್ಲಿಟ್ಟು ಕೆಲವೇ ವಾರಗಳಲ್ಲಿ ರಕ್ತ ಪರೀಕ್ಷಿಸಿದರು. ಹೆಣ್ಣು ಮೀನು ಮೊಟ್ಟೆಯ ಭಂಡಾರಕ್ಕಾಗಿ ತಯಾರಿಸುವ ವಿಟೆಲ್ಲೊಜೆನಿನ್ ಎಂಬ ಪ್ರೋಟೀನು ಗಂಡುಗಳ ರಕ್ತದಲ್ಲಿ ಸಾವಿರಾರು ಪಟ್ಟು ಏರಿತ್ತು. ಈ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ನೀರಿನಲ್ಲಿದ್ದ ಕಾರಣಕರ್ತರ ಹೆಸರು 1998ರಲ್ಲಿ ಸಿಕ್ಕಿತು: ಮನುಷ್ಯರ ಸಹಜ ಈಸ್ಟ್ರೋಜೆನ್‌ಗಳು ಮತ್ತು ಮಾತ್ರೆಯ ಎಥಿನೈಲ್ ಎಸ್ಟ್ರಾಡಯಾಲ್. ಈ ನಡುವೆ 1991ರಲ್ಲಿ ಅಮೆರಿಕದ ವಿಂಗ್‌ಸ್ಪ್ರೆಡ್‌ನಲ್ಲಿ ಥಿಯೋ ಕೋಲ್ಬರ್ನ್ ಕರೆದ ಸಭೆ ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ ರಾಸಾಯನಿಕಗಳನ್ನೆಲ್ಲ ಒಂದೇ ಹೆಸರಿನಡಿ ತಂದಿತ್ತು.

ಒಂದೆರಡು ಮೀನುಗಳ ಮೈ ಬದಲಾದರೆ ಇಡೀ ಸಂತತಿಗೇನು ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಕೊಟ್ಟದ್ದು ಕೆನಡಾದ ಒಂಟಾರಿಯೋದ 260ನೇ ಸಂಖ್ಯೆಯ ಸಣ್ಣ ಸರೋವರ. ಕರೆನ್ ಕಿಡ್ ತಂಡ 2001ರಿಂದ 2003ರವರೆಗೆ ಮೂರು ಬೇಸಿಗೆ ಅದಕ್ಕೆ ಲೀಟರಿಗೆ 5-6 ನ್ಯಾನೋಗ್ರಾಂನಷ್ಟು ಎಥಿನೈಲ್ ಎಸ್ಟ್ರಾಡಯಾಲ್ ಬೆರೆಸಿತು. ಗಂಡು ಮಿನ್ನೋ ಮೀನುಗಳು ಹೆಣ್ಣಿನ ಲಕ್ಷಣ ತಾಳಿದವು, ಮರಿಗಳು ಇಲ್ಲವಾದವು, ಆ ಮೀನಿನ ಸಂತತಿ ಹೆಚ್ಚುಕಡಿಮೆ ಅಳಿದೇಹೋಯಿತು. ಅವನ್ನು ತಿನ್ನುವ ಟ್ರೌಟ್‌ಗಳೂ ಕುಗ್ಗಿದವು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಮಿನ್ನೋಗಳು ಮರಳಿ ಹೆಚ್ಚಿದವು. ಈ ಕ್ಷೇತ್ರದ ಪ್ರಯೋಗಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು, ಇದಕ್ಕಿಂತ ಆತಂಕ ಹುಟ್ಟಿಸುವಂಥದ್ದು ಬೇರೊಂದಿಲ್ಲ.

ಹಾರ್ಮೋನು ವ್ಯವಸ್ಥೆ ಕೆಡಿಸುವ ರಾಸಾಯನಿಕಗಳಲ್ಲಿ ಕೀಟನಾಶಕಗಳದು ಇನ್ನೊಂದು ಕವಲು. ಡಿಡಿಟಿ ಬಳಕೆಗೆ ಬಂದಮೇಲೆ ಹಕ್ಕಿಗಳ ಮೊಟ್ಟೆಚಿಪ್ಪು ತೆಳುವಾದದ್ದನ್ನು ಬ್ರಿಟನ್ನಿನಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ 1967ರಲ್ಲೇ ತೋರಿಸಿದ್ದರು. ಕನ್ನಡಿಗರಿಗೆ ಈ ಕವಲು ತಟ್ಟಿದ್ದು ಕೇರಳದ ಕಾಸರಗೋಡಿನ ಪಡ್ರೆಯಲ್ಲಿ. ಗೇರುತೋಟಗಳ ಮೇಲೆ ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಮೀನುಗಳಿಗೆ ಅದು ಕಡುವಿಷ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ ಹುಡುಗರನ್ನು ಪರೀಕ್ಷಿಸಿ, ಪ್ರೌಢಾವಸ್ಥೆ ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿತು. ಕೀಟನಾಶಕ ಉದ್ಯಮ ತಕರಾರು ತೆಗೆದರೂ 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್‌ಗೆ ತಡೆ ಹಾಕಿತು.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಸೀಮೆಗೆ ಈ ವಿಜ್ಞಾನ ಈಗ ನೇರವಾಗಿ ಸಂಬಂಧಿಸಿದ್ದು. ಉತ್ತರ ಪಿನಾಕಿನಿ ಇಲ್ಲಿ ವರ್ಷದ ಬಹುಕಾಲ ಬತ್ತಿರುತ್ತದೆ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಅಂತರ್ಜಲ ಹೆಚ್ಚಿಸಲೆಂದು ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೆರೆಗಳಿಗೆ ಹರಿಸಲಾಗುತ್ತಿದೆ. ಇಂಥ ಯೋಜನೆಗಳಲ್ಲೊಂದಾದ ಕೆ.ಸಿ. ವ್ಯಾಲಿಯ ನೀರು 2018ರಲ್ಲಿ ಕೋಲಾರದ ಕಡೆ ಹರಿಯತೊಡಗಿತು. ಹೆಬ್ಬಾಳ-ನಾಗವಾರ ಕಣಿವೆಯ ಎಚ್.ಎನ್. ವ್ಯಾಲಿ ಯೋಜನೆ ದಿನಕ್ಕೆ 21 ಕೋಟಿ ಲೀಟರಿನದು, 65 ಕೆರೆಗಳಿಗೆ. ಕೆನಡಾದ ಸರೋವರದ ಲೆಕ್ಕವನ್ನು ಇಲ್ಲಿಗೆ ಹಚ್ಚಿದರೆ, ಇಷ್ಟು ನೀರನ್ನು ಲೀಟರಿಗೆ 5 ನ್ಯಾನೋಗ್ರಾಂ ಮಟ್ಟಕ್ಕೆ ತರಲು ದಿನಕ್ಕೆ ಸುಮಾರು ಒಂದು ಗ್ರಾಂ ಎಥಿನೈಲ್ ಎಸ್ಟ್ರಾಡಯಾಲ್ ಸಾಕು. ಅದು ಸುಮಾರು 35,000 ಮಾಲಾ-ಎನ್ ಮಾತ್ರೆಗಳಲ್ಲಿರುವ ಹಾರ್ಮೋನು. ಇದು ಕೆರೆಗಳಲ್ಲಿ ಅಳೆದ ಮಟ್ಟವಲ್ಲ, ಎಷ್ಟು ಕಡಿಮೆ ಸಾಕೆಂಬುದರ ಅಂದಾಜು ಮಾತ್ರ.

ಎರಡನೇ ಹಂತದಲ್ಲಿ ಗಾಳಿಯೂದಿದ ತೊಟ್ಟಿಯ ಬ್ಯಾಕ್ಟೀರಿಯಾಗಳು ಸಹಜ ಈಸ್ಟ್ರೋಜೆನ್‌ನ ಬಹುಭಾಗವನ್ನು ಮುರಿಯುತ್ತವೆ. ಎಥಿನೈಲ್ ಎಸ್ಟ್ರಾಡಯಾಲ್ ಅಷ್ಟು ಸುಲಭವಾಗಿ ಮುರಿಯದು. ಉಳಿದದ್ದರಲ್ಲಿ ಒಂದು ಪಾಲು ಹೂಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಮಣ್ಣಿನ ಮೂಲಕ ಜಿನುಗಿ ಇಳಿಯುವ ಬಾವಿ ನೀರಿಗಿಂತ, ಕೆರೆಯಲ್ಲೇ ಮೊಟ್ಟೆಯೊಡೆದು ಬೆಳೆಯುವ ಮೀನು, ಕಪ್ಪೆಗಳಿಗೆ ಅಪಾಯ ಮೊದಲು. ಬ್ರಿಟನ್ನಿನ ಹೊಳೆಗಳಲ್ಲಿ ಮಳೆನೀರು ಬೆರೆತು ಸಾಂದ್ರತೆ ಇಳಿಯುತ್ತಿತ್ತು; ಬರದ ವರ್ಷ ಇಲ್ಲಿನ ಕೆರೆಯಲ್ಲಿ ಇರುವುದೆಲ್ಲ ಪೈಪಿನಿಂದ ಬಂದ ನೀರೇ.

ಭಾರತದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರಲ್ಲಿ ಈ ಹಾರ್ಮೋನುಗಳಿಗೆ ಮಿತಿಯಿಲ್ಲ. ಯುರೋಪ್ 2015ರಲ್ಲಿ ಎಥಿನೈಲ್ ಎಸ್ಟ್ರಾಡಯಾಲನ್ನು ನಿಗಾಪಟ್ಟಿಗೆ ಸೇರಿಸಿತು. ಸ್ವಿಟ್ಜರ್ಲೆಂಡ್ 2016ರಿಂದ ಆಯ್ದ ಘಟಕಗಳಿಗೆ ಓಝೋನ್ ಅಥವಾ ಇದ್ದಿಲಿನ ಶೋಧನೆ ಸೇರಿಸುತ್ತಿದೆ. ಬಯಲುಸೀಮೆಯ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದು ಮೂರನೇ ಹಂತದ ಶುದ್ಧೀಕರಣ. ಆ ಬೇಡಿಕೆ ನ್ಯಾಯವಾದದ್ದು. ಆದರೆ ಮೂರನೇ ಹಂತವೆಂದರೆ ಮರಳಿನ ಸೋಸುವಿಕೆ ಮತ್ತು ಕ್ಲೋರಿನ್ ಎಂದಷ್ಟೇ ಅರ್ಥವಾದರೆ ಹಾರ್ಮೋನಿನ ಒಂದು ಪಾಲು ಹಾಗೆಯೇ ದಾಟಿಬಿಡಬಲ್ಲದು. ಓಝೋನ್, ಇಲ್ಲವೇ ಕ್ರಿಯಾಶೀಲ ಇದ್ದಿಲು ಎಂದು ಆ ಬೇಡಿಕೆಯಲ್ಲೇ ಬರೆದಿರಬೇಕು.