ಸಣ್ಣಕಥೆಯೂ ಸಂಭಾವನೆಯೂ

ಕಳೆದ ಚಳಿಗಾಲದಲ್ಲಿ ನಿಗಡಿಯಲ್ಲಿ ಕನ್ನಡಿಗರ ಚಿಕ್ಕದೊಂದು ಸಾಹಿತ್ಯಗೋಷ್ಠಿ ನಡೆಯಿತು. ಅದು ಮುಗಿದ ಬಳಿಕ, ವಿಜಯಪುರ ಜಿಲ್ಲೆಯಿಂದ ಬಂದು ಚಿಂಚವಡದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ಯುವಕನೊಬ್ಬನು ಈ ಲೇಖಕನ ಬಳಿಗೆ ಬಂದು, "ಸರ್, ಕಥೀಗೆ ರೊಕ್ಕ ಕೊಡೋ ಪತ್ರಿಕೆ ಯಾವ್ಯಾವು ಅದಾವ್ರೀ?" ಎಂದು ಕೇಳಿದನು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ತಮ್ಮಾ, ಕಥೀ ಬರಿಯೂದು ಸರಸ್ವತಿ ಸೇವಾ. ಅದಕ್ಕ ರೊಕ್ಕ ಕೇಳ್ತಾರೇನು?" ಎಂದು ನಕ್ಕರು. ಯುವಕನು ನಾಚಿ ಸುಮ್ಮನಾದನು.

ಆತನು ನಾಚಬೇಕಾದ ಕಾರಣವೇನೂ ಇರಲಿಲ್ಲ. ಆತನ ಪ್ರಶ್ನೆಯು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಯಾರೂ ಹೆಚ್ಚಾಗಿ ತೆರೆದು ನೋಡದ ಒಂದು ಪುಟವನ್ನು ಮುಟ್ಟುತ್ತದೆ. ನಮ್ಮ ಪತ್ರಿಕೆಗಳ ಇತಿಹಾಸವನ್ನು ಸಂಪಾದಕರ ಧ್ಯೇಯ, ಭಾಷಾಶೈಲಿ, ಪ್ರಭಾವಗಳ ದೃಷ್ಟಿಯಿಂದ ವಿದ್ವಾಂಸರು ಬರೆದಿರುವರು. ಪತ್ರಿಕೆಗೆ ಹಣವು ಯಾರಿಂದ ಬಂದಿತು, ಬಂದ ಹಣವು ಯಾರಿಗೆ ಹೋಯಿತು ಎಂಬ ದೃಷ್ಟಿಯಿಂದಲೂ ಅದನ್ನು ಓದಬಹುದು. ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ದಿನ ಕಳೆಯುವವನಿಗೆ ಈ ಓದು ಸಹಜವೆಂದು ವಾಚಕರು ಮನ್ನಿಸಬೇಕು.

ಮೊದಲು ಶಬ್ದದ ವಿಚಾರ. ಲೇಖಕನಿಗೆ ಸಲ್ಲುವ ಹಣವನ್ನು ನಾವು 'ಸಂಭಾವನೆ' ಎನ್ನುತ್ತೇವೆ. ಗೌರವಿಸುವುದು, ಮನ್ನಣೆ ಕೊಡುವುದು ಎಂಬುದು ಆ ಸಂಸ್ಕೃತ ಶಬ್ದದ ಅರ್ಥಗಳಲ್ಲಿ ಒಂದು. ಮನೆಯ ಶುಭಕಾರ್ಯ ಮುಗಿದ ಮೇಲೆ ವೈದಿಕರಿಗೆ ಕೊಡುವ ಕಾಣಿಕೆಗೂ ಇದೇ ಹೆಸರು. ಅದನ್ನು ಪಡೆಯುವವನು ಇಷ್ಟೇ ಬೇಕೆಂದು ಕೇಳುವುದು ಮರ್ಯಾದೆಯಲ್ಲ. ಕೊಟ್ಟುದನ್ನು ಕೈಚಾಚಿ ಸ್ವೀಕರಿಸಬೇಕು. ನಮ್ಮ ಇನ್ನೊಂದು ಶಬ್ದವಾದ 'ಗೌರವಧನ'ವೂ ಇಲ್ಲಿಯ ಮರಾಠಿಗರ 'ಮಾನಧನ'ವೂ ಹಣವನ್ನು ಗೌರವದ ಮರೆಯಲ್ಲಿಯೇ ಇರಿಸುತ್ತವೆ. ಪತ್ರಿಕೆಯ ಖರ್ಚಿನಲ್ಲಿ ಕಾಗದಕ್ಕೆ ಬೆಲೆಯಿದೆ, ಮೊಳೆ ಜೋಡಿಸುವವನಿಗೆ ಸಂಬಳವಿದ್ದಿತು, ಅಂಚೆಗೆ ದರವಿದೆ. ಲೇಖಕನಿಗೆ ಮಾತ್ರ ಗೌರವವಿದೆ. ಬೆಲೆಯನ್ನು ಮುಂದೂಡಿದರೆ ಕಾಗದವು ಬರುವುದಿಲ್ಲ; ಗೌರವವನ್ನು ಮುಂದೂಡಿದರೆ ಕಥೆಯು ಬಂದೇ ಬರುತ್ತದೆ. ನಮ್ಮ ಇತಿಹಾಸದ ಬಹುಭಾಗವು ಈ ವ್ಯತ್ಯಾಸದಲ್ಲಿ ಅಡಗಿದೆ.

ಹರ್ಮನ್ ಮೋಗ್ಲಿಂಗನು ೧೮೪೩ರ ಜುಲೈಯಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ದ ಬೆನ್ನಿಗೆ ಬಾಸೆಲ್ ಮಿಶನ್ ಇದ್ದಿತು. ೧೮೯೦ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ೧೮೯೬ರಲ್ಲಿ 'ವಾಗ್ಭೂಷಣ'ವನ್ನು ಆರಂಭಿಸಿದಾಗ ಅದರ ಬೆನ್ನಿಗೆ ಸಂಘವಿದ್ದಿತು. ಹೊಸ ಬಗೆಯ ಸಣ್ಣಕಥೆಯ ಮೊದಲ ಹೆಜ್ಜೆಗಳು ಕಾಣಿಸಿಕೊಂಡುದು ಸುಮಾರು ೧೯೦೦ರಲ್ಲಿ, ಮಂಗಳೂರಿನ 'ಸುವಾಸಿನಿ'ಯಲ್ಲಿ, ಪಂಜೆ ಮಂಗೇಶರಾಯರ ಕೈಯಿಂದ. ಪಂಜೆಯವರ ವೃತ್ತಿ ಶಾಲೆಯದು. ಕೆರೂರು ವಾಸುದೇವಾಚಾರ್ಯರು ಬಾಗಲಕೋಟೆಯಲ್ಲಿ ವಕೀಲರು. ಕಥೆ ಬರೆದುದಲ್ಲದೆ ಕಥೆಗೆ ಎಡೆಯಾಗಲೆಂದು 'ಶುಭೋದಯ', 'ಸಚಿತ್ರ ಭಾರತ'ಗಳನ್ನು ತಾವೇ ನಡೆಸಿದರು. ೧೯೨೦ರಲ್ಲಿ 'ಕೆಲವು ಸಣ್ಣ ಕತೆಗಳು' ಎಂಬ ಸಂಕಲನವನ್ನು ಪ್ರಕಟಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರಕಾರದ ಅಧಿಕಾರಿಗಳು. ಎಂದರೆ ಕನ್ನಡ ಸಣ್ಣಕಥೆಯ ಬಾಲ್ಯದ ಖರ್ಚನ್ನು ಶಾಲೆ, ನ್ಯಾಯಾಲಯ, ಸರಕಾರಿ ಕಚೇರಿಗಳು ತಮಗೆ ತಿಳಿಯದೆಯೇ ಭರಿಸಿದುವು. ಸಂಬಳವು ಒಂದು ಖಾತೆಯಿಂದ ಬಂದುದರಿಂದಲೇ ಕಥೆಯು ಇನ್ನೊಂದು ಖಾತೆಯಲ್ಲಿ ಉಚಿತವಾಗಿ ಜಮೆಯಾಯಿತು. 'ಸರಸ್ವತಿಯ ಸೇವೆ' ಎಂಬ ಮಾತು ಆ ಪೀಳಿಗೆಯ ಬಾಯಲ್ಲಿ ಸತ್ಯವಾಗಿದ್ದಿತು. ಏಕೆಂದರೆ ಅವರಿಗೆ ಸೇವೆ ಸಲ್ಲಿಸುವಷ್ಟು ಅನ್ನವಿದ್ದಿತು.

ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ಸ್ಥಿತಿಯಲ್ಲ. ಇದೇ ಪುಣೆಯಲ್ಲಿ ೧೮೯೦ರಿಂದ 'ಕರಮಣೂಕ'ವನ್ನು ನಡೆಸಿದ ಹರಿ ನಾರಾಯಣ ಆಪ್ಟೆಯವರು ಮರಾಠಿ ಕಾದಂಬರಿಯ ಪಿತಾಮಹರೆನಿಸಿದರೂ ಅವರ ಜೀವನಾಧಾರವು ಆನಂದಾಶ್ರಮ ಸಂಸ್ಥೆಯ ವ್ಯವಸ್ಥಾಪಕತ್ವವಾಗಿದ್ದಿತು. ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರಲ್ಲಿ ಅಗ್ರಗಣ್ಯರು ಗಳಗನಾಥರು. ಅವರಿಂದ ನಮ್ಮ ಇತಿಹಾಸದ ಎರಡನೆಯ ಘಟ್ಟವು ಆರಂಭವಾಗುತ್ತದೆ. ೧೯೦೭ರಲ್ಲಿ ಅಗಡಿಯಿಂದ ಹೊರಟ 'ಸದ್ಬೋಧ ಚಂದ್ರಿಕೆ'ಯ ಮೂಲಕ ಅವರು ಉತ್ತರ ಕರ್ನಾಟಕದಲ್ಲಿ ಓದುಗರ ಒಂದು ವರ್ಗವನ್ನೇ ಕಟ್ಟಿದರು. ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹಣವು ಮಿಶನ್ನಿನಿಂದಲೂ ಅಲ್ಲ, ದಾನಿಯಿಂದಲೂ ಅಲ್ಲ, ಓದುಗನಿಂದ ಬರಬೇಕೆಂಬ ಅರಿವು ಇಲ್ಲಿ ಕಾಣುತ್ತದೆ. ೧೮೮೦ರಲ್ಲಿ ಆರಂಭವಾಗಿದ್ದ ಅಂಚೆಯ ಮನಿಆರ್ಡರ್ ಸೇವೆಯು ಹಳ್ಳಿಯ ಚಂದಾದಾರನನ್ನೂ ಪೇಟೆಯ ಪತ್ರಿಕೆಯನ್ನೂ ಜೋಡಿಸಿತು. ೧೯೩೩ರಲ್ಲಿ ಧಾರವಾಡದಲ್ಲಿ ಮೊದಲಾದ ಮನೋಹರ ಗ್ರಂಥಮಾಲೆಯೂ ಇಂತಹ ಚಂದಾದಾರರ ನಂಬಿಕೆಯ ಮೇಲೆಯೇ ನಿಂತಿತು. ಆದರೆ ಆ ಮನಿಆರ್ಡರ್ ಒಂದೇ ದಿಕ್ಕಿಗೆ ಪ್ರಯಾಣ ಮಾಡಿತು: ಓದುಗನಿಂದ ಪತ್ರಿಕೆಗೆ. ಪತ್ರಿಕೆಯಿಂದ ಕಥೆಗಾರನಿಗೆ ಹೊರಡಬೇಕಾದರೆ ಕಾಗದ, ಅಚ್ಚುಗಳ ಬಾಕಿ ತೀರಿ ಏನಾದರೂ ಉಳಿಯಬೇಕಷ್ಟೆ. ಶಿವರಾಮ ಕಾರಂತರು ೧೯೨೦ರ ದಶಕದಲ್ಲಿ 'ವಸಂತ'ವನ್ನು ನಡೆಸಿ ನಷ್ಟಪಟ್ಟರು. ಮಾಸ್ತಿಯವರು ೧೯೪೪ರಿಂದ ೧೯೬೫ರವರೆಗೆ 'ಜೀವನ'ವನ್ನು ನಡೆಸಿದುದು ಲಾಭದ ಆಸೆಯಿಂದಲ್ಲ. ಸಂಪಾದಕನೇ ಕೈಯಿಂದ ಕೊಡುತ್ತಿರುವಾಗ ಲೇಖಕನು ಕೈ ನೀಡುವುದಾದರೂ ಹೇಗೆ?

ಮನಿಆರ್ಡರಿನ ದಿಕ್ಕು ಬದಲಾದುದು ದಿನಪತ್ರಿಕೆಗಳ ಮನೆಗಳು ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಕೈಹಾಕಿದ ಮೇಲೆ. ಹುಬ್ಬಳ್ಳಿಯಲ್ಲಿ ಲೋಕ ಶಿಕ್ಷಣ ಟ್ರಸ್ಟಿನ 'ಕಸ್ತೂರಿ' ೧೯೫೬ರಲ್ಲಿ ಹೊರಟಿತು, ಪಾ. ವೆಂ. ಆಚಾರ್ಯರು ಅದನ್ನು ಬಹುಕಾಲ ರೂಪಿಸಿದರು. ೧೯೪೮ರಲ್ಲಿ ಆರಂಭವಾದ 'ಪ್ರಜಾವಾಣಿ'ಯ ಬಳಗದಿಂದ ೧೯೬೫ರಲ್ಲಿ 'ಸುಧಾ', ೧೯೬೮ರಲ್ಲಿ 'ಮಯೂರ' ಬಂದುವು. ಮಣಿಪಾಲದ 'ಉದಯವಾಣಿ'ಯ ಬಳಗವು ೧೯೮೩ರಲ್ಲಿ 'ತರಂಗ'ವನ್ನು ತಂದಿತು. ಇವುಗಳ ಅಚ್ಚುಯಂತ್ರವು ದಿನಪತ್ರಿಕೆಗಾಗಿ ಹೇಗೂ ತಿರುಗುತ್ತಿದ್ದಿತು. ಮಾರಾಟದ ಜಾಲವು ಸಿದ್ಧವಿದ್ದಿತು. ಜಾಹೀರಾತುದಾರನು ಬಾಗಿಲಲ್ಲಿ ನಿಂತಿದ್ದನು. ಇಲ್ಲಿ ಮೊದಲ ಬಾರಿಗೆ ಕಥೆಗಾರನ ಹೆಸರು ಖರ್ಚಿನ ಪಟ್ಟಿಯಲ್ಲಿ ನಿಯತವಾಗಿ ಸ್ಥಾನ ಪಡೆಯಿತು.

ದೀಪಾವಳಿ ವಿಶೇಷಾಂಕದ ಅರ್ಥಶಾಸ್ತ್ರವೂ ಇದೇ. ಕಾಶಿನಾಥ ರಘುನಾಥ ಮಿತ್ರರ 'ಮನೋರಂಜನ'ವು ೧೯೦೯ರಲ್ಲಿ ಮುಂಬಯಿಯಿಂದ ಹೊರಡಿಸಿದ ದಿವಾಳಿ ಅಂಕವು ಮರಾಠಿಯಲ್ಲಿ ಒಂದು ಸಂಪ್ರದಾಯವನ್ನೇ ಹುಟ್ಟಿಸಿತು. ಹಬ್ಬದ ವ್ಯಾಪಾರಕ್ಕಾಗಿ ಬರುವ ಜಾಹೀರಾತು ಕಥೆಯ ಪುಟಗಳ ಖರ್ಚನ್ನು ಹೊರುತ್ತದೆ. ಕನ್ನಡದ ದೀಪಾವಳಿ ಸಂಚಿಕೆಗಳೂ ಅವುಗಳ ಕಥಾಸ್ಪರ್ಧೆಗಳೂ ಈ ನೆಲೆಯಲ್ಲಿಯೇ ಬೆಳೆದುವು. ಕಾರ್ಖಾನೆಯೇ ಪತ್ರಿಕೆಗೆ ಜನ್ಮ ಕೊಟ್ಟ ಉದಾಹರಣೆಯೂ ಉಂಟು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಬೆಳೆದ ಕಿರ್ಲೋಸ್ಕರ ಉದ್ಯಮವು ೧೯೨೦ರಲ್ಲಿ ಕಿರ್ಲೋಸ್ಕರವಾಡಿಯಿಂದ ತನ್ನ ಸಮಾಚಾರಕ್ಕಾಗಿ ಹೊರಡಿಸಿದ ಪತ್ರಿಕೆಯೇ ಮುಂದೆ ಮರಾಠಿಯ ಹೆಸರಾಂತ ಮಾಸಿಕವಾಯಿತು.

ಆದರೆ ಇಲ್ಲಿಯೇ ಒಂದು ಒಡಕು ತೋರಿತು. ೧೯೬೨ರಲ್ಲಿ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ', ೧೯೬೪ರಲ್ಲಿ ಧಾರವಾಡದ 'ಸಂಕ್ರಮಣ', ೧೯೮೧ರಲ್ಲಿ ಯು. ಆರ್. ಅನಂತಮೂರ್ತಿಯವರ 'ರುಜುವಾತು' ಹೊರಟುವು. ವಿಮರ್ಶಕರ ಮನ್ನಣೆ ಬೇಕಾದವನು ಇಂತಹ ಸಣ್ಣ ಪತ್ರಿಕೆಗಳತ್ತ ನೋಡಿದನು. ಹಣವೂ ಹೆಚ್ಚಿನ ಓದುಗರೂ ಬೇಕಾದವನು ವಾರಪತ್ರಿಕೆಗಳತ್ತ ನೋಡಿದನು. ಹಣ ತರುವ ಕಥೆಯು ಹಗುರವೆಂದೂ ಹಣ ತಾರದ ಕಥೆಯು ಘನವೆಂದೂ ಒಂದು ಮಿಥ್ಯಾಭಾವನೆಯು ಇದರಿಂದ ಬಲಿಯಿತು. ಜೀವನಕ್ಕಾಗಿ ಬರೆದ ಅ. ನ. ಕೃಷ್ಣರಾಯರಂತಹವರನ್ನು 'ಜನಪ್ರಿಯ'ರೆಂದು ಬದಿಗಿರಿಸಿದುದರಲ್ಲಿ ಈ ಭಾವನೆಯ ಪಾಲೂ ಇದೆ. ಭಾವನೆಯು ಎಷ್ಟು ಹುಸಿಯೆಂಬುದಕ್ಕೆ ನಿದರ್ಶನ ದೂರವಿಲ್ಲ: ೨೦೨೫ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದ ಬಾನು ಮುಷ್ತಾಕರ ಮೊದಲ ಕಥೆಯು ಪ್ರಕಟವಾದುದು 'ಪ್ರಜಾಮತ'ವೆಂಬ ಜನಪ್ರಿಯ ಪತ್ರಿಕೆಯಲ್ಲಿ. ಆ ಪ್ರಶಸ್ತಿಯ ಐವತ್ತು ಸಾವಿರ ಪೌಂಡುಗಳನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮನಾಗಿ ಹಂಚಲಾಯಿತು. ಯಾರ ಶ್ರಮಕ್ಕೆ ಎಷ್ಟೆಂದು ಮೊದಲೇ ಬರೆದಿಟ್ಟಿರುವ ಆ ಪದ್ಧತಿಯು ಅನುಕರಣೀಯವಾದುದು.

ಸ್ವಾನುಭವದ ಒಂದು ಮಾತು. ಇಪ್ಪತ್ತು ವರ್ಷಗಳ ಹಿಂದೆ ಈ ಲೇಖಕನ ಮೊದಲ ಕಥೆಗೆ ಇನ್ನೂರು ರೂಪಾಯಿಯ ಮನಿಆರ್ಡರ್ ಬಂದಿದ್ದಿತು. ಅಂಚೆಯಣ್ಣನು ಹಣ ಎಣಿಸಿ ಕೊಟ್ಟು, ಸಂದೇಶದ ತುಂಡನ್ನು ಹರಿದು ಕೈಗಿತ್ತನು. ಆ ಹಣವು ಒಂದು ವಾರದಲ್ಲಿ ಮುಗಿಯಿತು. ತುಂಡು ಇಂದಿಗೂ ಇದೆ. ಎರಡನೆಯ ಕಥೆಯು ಬೇರೊಂದು ಪತ್ರಿಕೆಯಲ್ಲಿ ಬಂದಿತು. ಹಣ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅದೇ ಕಥೆಯು, ಒಂದು ಮಾತನ್ನೂ ಕೇಳದೆ, ಒಂದು ಸಂಕಲನದಲ್ಲಿ ಸೇರಿತು. ದಿನವೂ ಪರರ ಬಾಕಿಗೆ ನೋಟೀಸು ಕಳುಹಿಸುವ ವೃತ್ತಿಯವನಾದ ನಾನು ನನ್ನ ಬಾಕಿಗಾಗಿ ಒಂದು ಕಾರ್ಡನ್ನೂ ಬರೆಯಲಿಲ್ಲ. 'ಸಂಭಾವನೆ' ಎಂಬ ಶಬ್ದವು ನಾಲಗೆಯನ್ನು ಹಿಡಿದಿದ್ದಿತು.

ಕಾನೂನು ಇಷ್ಟು ಸಂಕೋಚಪಡುವುದಿಲ್ಲ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ಮೇರೆಗೆ, ಪತ್ರಿಕೆಯ ನೌಕರನಲ್ಲದ ಕಥೆಗಾರನೇ ತನ್ನ ಕಥೆಯ ಮೊದಲ ಸ್ವಾಮಿ. ಬರವಣಿಗೆಯಲ್ಲಿ ಸಹಿ ಹಾಕಿ ಕೊಡದ ಹೊರತು ಸ್ವಾಮ್ಯವು ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಹಾಗೆ ಕೊಟ್ಟ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ತಿಳಿಯತಕ್ಕದ್ದು. ಪತ್ರಿಕೆಯಲ್ಲಿ ಒಮ್ಮೆ ಅಚ್ಚಾದ ಮಾತ್ರಕ್ಕೆ ಕಥೆಯು ಪತ್ರಿಕೆಯ ಸೊತ್ತಾಗುವುದಿಲ್ಲ.

ಹೀಗಿರಲಾಗಿ ಆ ಯುವಕನಿಗೆ ಕೊಡಬೇಕಾದ ಉತ್ತರವು ಇಷ್ಟು. ಹಣ ಕೊಡುವ ಶಕ್ತಿಯು ಹೆಚ್ಚಾಗಿ ದಿನಪತ್ರಿಕೆಗಳ ಮನೆಗಳ ಸಾಪ್ತಾಹಿಕ, ಮಾಸಿಕ, ವಿಶೇಷಾಂಕಗಳಿಗೆ ಇದ್ದುದು ಇತಿಹಾಸಸಿದ್ಧ. ಮೊದಲು ಅಲ್ಲಿಯೇ ಕೇಳಬೇಕು. ಆಯಾ ಪತ್ರಿಕೆಯ ಇತ್ತೀಚಿನ ಸಂಚಿಕೆಯನ್ನು ಕೊಂಡು ಓದಿ, ಅದರ ನಿಯಮವನ್ನು ನೋಡಬೇಕು. ಒಂದೇ ಕಥೆಯನ್ನು ಏಕಕಾಲಕ್ಕೆ ಇಬ್ಬರಿಗೆ ಕಳುಹಿಸಬಾರದು. ಪ್ರತಿಯನ್ನೂ ಕಳುಹಿಸಿದ ದಿನಾಂಕವನ್ನೂ ಇಟ್ಟುಕೊಳ್ಳಬೇಕು. ಸ್ಪರ್ಧೆಯಾದರೆ, ಬಹುಮಾನ ಬಾರದ ಕಥೆಯ ಹಕ್ಕು ಯಾರಲ್ಲಿ ಉಳಿಯುವುದೆಂದು ನೋಡಬೇಕು. ಕಥೆಯೊಡನೆ ಕಳುಹಿಸುವ ಪತ್ರದಲ್ಲಿ ಬ್ಯಾಂಕ್ ಖಾತೆಯ ವಿವರವನ್ನು ಬರೆದು, ಸಲ್ಲುವ ಮೊತ್ತವೆಷ್ಟೆಂದು ವಿನಯದಿಂದ ಕೇಳಬೇಕು. ಪ್ರಕಟವಾಗಿ ಮೂರು ತಿಂಗಳಾದರೂ ಹಣ ಬಾರದಿದ್ದರೆ ಜ್ಞಾಪಕಪತ್ರ ಬರೆಯಬೇಕು. ಇದರಲ್ಲಿ ಸರಸ್ವತಿಗೆ ಅಪಚಾರವೇನೂ ಇಲ್ಲ. ಸಣ್ಣ ಪತ್ರಿಕೆಗೆ ಉಚಿತವಾಗಿ ಕೊಡುವುದೂ ಒಳ್ಳೆಯದೇ. ಆದರೆ ಅದು ತಿಳಿದು ಕೊಟ್ಟ ದಾನವಾಗಿರಲಿ, ನಾಚಿ ಬಿಟ್ಟ ಬಾಕಿಯಾಗದಿರಲಿ.

ಸಂಘಗಳ ಪತ್ರಿಕೆಗಳೂ ಈ ವಿಚಾರದಿಂದ ಹೊರಗಿಲ್ಲ. ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ೨೦೧೯ರಲ್ಲಿ, ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳು ೨೦೨೦ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದುವು. ಕನ್ನಡ ಬಲ್ಲ ಶಾಖಾಧಿಕಾರಿಯ ಮಮತೆಯಿಂದ ಹೊರನಾಡಿನ ಸಂಚಿಕೆಗಳಿಗೆ ಬರುತ್ತಿದ್ದ ಜಾಹೀರಾತು ಅಷ್ಟರಮಟ್ಟಿಗೆ ಅಪರೂಪವಾಯಿತು. ಕಷ್ಟವು ನಿಜ. ಆದರೂ ನಮ್ಮ ವಾರ್ಷಿಕ ಜಮಾಖರ್ಚಿನಲ್ಲಿ ಕಾಗದ, ಅಚ್ಚು, ಅಂಚೆಗಳ ಸಾಲಿನ ಕೆಳಗೆ 'ಲೇಖಕರಿಗೆ' ಎಂಬ ಒಂದು ಸಾಲನ್ನು ತೆರೆಯಬಹುದು. ಮೊದಲ ವರ್ಷ ಅದರ ಮುಂದಿನ ಅಂಕಿಯು ಅಲ್ಪವಾಗಿದ್ದರೂ ಚಿಂತೆಯಿಲ್ಲ. ಸಾಲು ತೆರೆದಿದ್ದರೆ, ಅದನ್ನು ತುಂಬಬೇಕೆಂಬ ನೆನಪಾದರೂ ಪ್ರತಿ ಮಾರ್ಚಿನಲ್ಲಿ ನಮಗೆ ಬರುವುದು.